ಸುದ್ದಿಯ ಕೊನೆಯನ್ನು ಹೇಳುವವರು ಯಾರು?

(ಬಂಟ್ವಾಳ, ಬೆಳ್ತಂಗಡಿ ಮತ್ತು ಮೂಡುಬಿದಿರೆ ತಾಲೂಕುಗಳ ಓದುಗ ಕುಟುಂಬಗಳ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಈ ಸಭೆಯ ವ್ಯವಸ್ಥಾಪಕರು ನಮಗೆ ವಹಿಸಿರುವ ವಿಷಯ ಸ್ವಲ್ಪ ಅಪರೂಪದ್ದು. ಎಡಪಂಥೀಯ ಒಲವಿನ ರಾಜಕೀಯ ಪಾಡ್‌ಕಾಸ್ಟ್‌ಗಳಲ್ಲಿ ಯಾವುದು ಕೇಳಲು ಯೋಗ್ಯ, ಯಾವುದು ಅಲ್ಲ ಎಂದು ಹೇಳಬೇಕಂತೆ. 'ಪಾಡ್‌ಕಾಸ್ಟ್' ಎಂಬ ಪದಕ್ಕೆ ಹೆಚ್ಚು ವಯಸ್ಸಾಗಿಲ್ಲ. 2004ರಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆಯ ಲೇಖನವೊಂದರಲ್ಲಿ ಅದು ಬಳಕೆಗೆ ಬಂತು. ರೇಡಿಯೋದಂತೆಯೇ ಮಾತು, ಆದರೆ ನಮಗೆ ಬೇಕಾದಾಗ ಕೇಳಿ, ಬೇಡವಾದಾಗ ನಿಲ್ಲಿಸಬಹುದಾದ ಮಾತು. ಇಂದು ಯೂಟ್ಯೂಬಿನ ಗಂಟೆಗಟ್ಟಲೆಯ ಸಂದರ್ಶನಗಳನ್ನೂ ಜನರು ಅದೇ ಹೆಸರಿನಿಂದ ಕರೆಯುತ್ತಾರೆ. ಫೋನನ್ನು ಮಗುಚಿಟ್ಟು ಕೆಲಸ ಮಾಡುತ್ತಾ ಕೇಳುವವರಿಗೆ ಇವೆರಡರ ನಡುವೆ ವ್ಯತ್ಯಾಸವೇನೂ ಇಲ್ಲ. ಆದ್ದರಿಂದ ನಾವೂ ಎರಡನ್ನೂ ಸೇರಿಸಿಯೇ ಮಾತನಾಡುತ್ತೇವೆ.

ಅಷ್ಟಕ್ಕೂ, ಇದನ್ನು ಮುಸ್ಲಿಮ್ ಕುಟುಂಬಗಳ ಸಭೆಯಲ್ಲಿ ಯಾಕೆ ಚರ್ಚಿಸಬೇಕು? ಕಾರಣವಿದೆ. 2020ರ ಮಾರ್ಚ್-ಎಪ್ರಿಲ್ ತಿಂಗಳುಗಳನ್ನು ನೆನಪಿಸಿಕೊಳ್ಳಿ. ಕೊರೋನಾ ಎಂಬ ಜಾಗತಿಕ ರೋಗವನ್ನು ಟಿ.ವಿ. ಚಾನೆಲ್‌ಗಳು ದಿಲ್ಲಿಯ ತಬ್ಲೀಗ್ ಸಭೆಯ ತಲೆಗೆ ಕಟ್ಟಿದವು. ನಮ್ಮ ತರಕಾರಿ ವ್ಯಾಪಾರಿಯನ್ನೂ ಮೀನು ಮಾರುವವನನ್ನೂ ಜನರು ಅನುಮಾನದಿಂದ ನೋಡಿದರು. ಅದೇ ವರ್ಷ ಆಗಸ್ಟ್ 21ರಂದು ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ತಬ್ಲೀಗ್‌ನ ವಿದೇಶಿ ಸದಸ್ಯರ ಮೇಲಿನ ಮೊಕದ್ದಮೆಗಳನ್ನು ರದ್ದುಪಡಿಸಿತು. ಅವರನ್ನು ಬಲಿಪಶುಗಳನ್ನಾಗಿ ಮಾಡಿದಂತಿದೆ ಎಂದೂ ಅಭಿಪ್ರಾಯಪಟ್ಟಿತು. 2025ರ ಜುಲೈಯಲ್ಲಿ ದಿಲ್ಲಿ ಹೈಕೋರ್ಟು 70 ಮಂದಿ ಭಾರತೀಯರ ಮೇಲಿದ್ದ ಪ್ರಕರಣಗಳನ್ನೂ ರದ್ದುಗೊಳಿಸಿತು. ಮೊದಲ ಸುದ್ದಿಯನ್ನು ಹಗಲಿರುಳು ಬಿತ್ತರಿಸಿದ ಚಾನೆಲ್‌ಗಳಲ್ಲಿ ಈ ಕೊನೆಯ ಸುದ್ದಿಯನ್ನು ಅದೇ ಗಂಟಲಿನಲ್ಲಿ ಹೇಳಿದ ಒಂದಾದರೂ ಚಾನೆಲ್ ನಿಮಗೆ ನೆನಪಿದೆಯೇ? ಆ ದಿನಗಳಲ್ಲಿಯೇ ನಮ್ಮ ಅನೇಕ ಮನೆಗಳು ಟಿ.ವಿ.ಯನ್ನು ಆರಿಸಿ ಮೊಬೈಲನ್ನು ಹಿಡಿದುಕೊಂಡವು. ಹಾಗಾದರೆ ಮೊಬೈಲಿನಲ್ಲಿ ಕೇಳುತ್ತಿರುವುದೇನು ಎಂದು ವಿಚಾರಿಸುವ ಹೊಣೆ ನಮ್ಮ ಮೇಲಿದೆಯಲ್ಲವೇ?

ಕೆಲಸ ಮಾಡುತ್ತಾ ರಾಜಕೀಯವನ್ನು ಕೇಳುವುದು ನಮ್ಮ ಕರಾವಳಿಗೆ ಹೊಸದಲ್ಲ. ನೆರೆಯ ಕಣ್ಣೂರಿನ ಬೀಡಿ ಕಾರ್ಮಿಕರಲ್ಲಿ ಒಂದು ಪದ್ಧತಿಯಿತ್ತು. ಹತ್ತಾರು ಮಂದಿ ಒಂದೇ ಕೋಣೆಯಲ್ಲಿ ಕೂತು ಬೀಡಿ ಕಟ್ಟುವಾಗ ಒಬ್ಬಾತ ಗಟ್ಟಿಯಾಗಿ ಪತ್ರಿಕೆ ಓದುತ್ತಿದ್ದ. ಅವನು ಓದುವ ಹೊತ್ತಿನಲ್ಲಿ ಕಟ್ಟಬೇಕಾದ ಬೀಡಿಗಳನ್ನು ಉಳಿದವರು ತಮ್ಮ ಕೈಯಿಂದ ತುಂಬಿಕೊಡುತ್ತಿದ್ದರು. ಓದಿದ್ದರ ಮೇಲೆ ಅಲ್ಲಿಯೇ ವಾದ, ಅಲ್ಲಿಯೇ ಉತ್ತರ. ಎಡ ಚಳವಳಿಯ ಪಾಡ್‌ಕಾಸ್ಟ್ ಎಂದು ಏನನ್ನಾದರೂ ಕರೆಯುವುದಿದ್ದರೆ ಮೊದಲು ಅದನ್ನೇ ಕರೆಯಬೇಕು. 1966ರಲ್ಲಿ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಬಂತು. ಕೇರಳ ಸರಕಾರ ಅದನ್ನು ಜಾರಿ ಮಾಡಲು ಹೊರಟಾಗ, 1968ರಲ್ಲಿ ಮಂಗಳೂರು ಮೂಲದ ಬೀಡಿ ಕಂಪೆನಿಗಳು ಕಣ್ಣೂರಿನ ಘಟಕಗಳಿಗೆ ಬೀಗ ಹಾಕಿದವು. ಸುಮಾರು 12 ಸಾವಿರ ಮಂದಿ ಕೆಲಸ ಕಳೆದುಕೊಂಡರು. ಅವರೇ ಸೇರಿ 1969ರಲ್ಲಿ ದಿನೇಶ್ ಬೀಡಿ ಸಹಕಾರ ಸಂಘವನ್ನು ಕಟ್ಟಿದರು.

ನಮ್ಮ ಮೂರು ತಾಲೂಕುಗಳಲ್ಲಾದರೋ ಬೀಡಿ ಕೆಲಸವು ಮನೆಯ ಜಗಲಿಗೆ ಬಂತು. ಬ್ಯಾರಿ ಮನೆಯಲ್ಲೂ ಬಿಲ್ಲವರ ಮನೆಯಲ್ಲೂ ಹೆಂಗಸರು ತಡ್ಪೆಯನ್ನು ತೊಡೆಯ ಮೇಲಿಟ್ಟು ಒಬ್ಬೊಬ್ಬರೇ ಕಟ್ಟಿದರು. ಓದಿ ಹೇಳಲು ಯಾರೂ ಇರಲಿಲ್ಲ, ವಾದಿಸಲು ಪಕ್ಕದಲ್ಲಿ ಇನ್ನೊಬ್ಬಳೂ ಇರಲಿಲ್ಲ. 1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದ ಮೇಲೆ ರೇಡಿಯೋ ಜೊತೆಗಾರನಾಯಿತು. ಬಳಿಕ ಮತಪ್ರವಚನದ ಕ್ಯಾಸೆಟ್ ಬಂತು. ಈಗ ಮೊಬೈಲ್ ಬಂದಿದೆ. ಅಂದು ಕಣ್ಣೂರಿನ ಕೋಣೆಯಲ್ಲಿ ಓದುವವನನ್ನು ಕಾರ್ಮಿಕರೇ ಆರಿಸುತ್ತಿದ್ದರು. ಇಂದು ನಮ್ಮ ಜಗಲಿಯಲ್ಲಿ ಓದುವವನನ್ನು ಯಾರು ಆರಿಸುತ್ತಿದ್ದಾರೆ? ಯೂಟ್ಯೂಬಿನ ಯಂತ್ರ. ಒಂದು ವಿಡಿಯೋ ಮುಗಿಯುತ್ತಲೇ ಮತ್ತೊಂದನ್ನು ಅದೇ ಹಚ್ಚಿಬಿಡುತ್ತದೆ.

'ಎಡ' ಎಂದ ಕೂಡಲೇ ನಮ್ಮ ಕೆಲವು ಹಿರಿಯರು ನಾಸ್ತಿಕತೆಯನ್ನು ನೆನಪಿಸಿಕೊಂಡು ಮುಖ ತಿರುಗಿಸುತ್ತಾರೆ. ಧರ್ಮದ ಬಗ್ಗೆ ಅವರಿಗೂ ನಮಗೂ ಇರುವ ಭಿನ್ನಾಭಿಪ್ರಾಯ ಹಾಗೆಯೇ ಇದೆ, ಇರಲಿ. ಆದರೆ 1970ರ ದಶಕದಲ್ಲಿ ಕಮ್ಯುನಿಸ್ಟ್ ಪಕ್ಷದ ಬಿ.ವಿ. ಕಕ್ಕಿಲ್ಲಾಯರನ್ನು ವಿಧಾನಸಭೆಗೆ ಆರಿಸಿ ಕಳುಹಿಸಿದ್ದು ಇದೇ ಭಾಗದ ಜನರು. ಅವರಲ್ಲಿ ಐದು ಹೊತ್ತು ನಮಾಝ್ ಮಾಡುವವರೂ ಇದ್ದರು, ದೈವಸ್ಥಾನಕ್ಕೆ ಹೋಗುವವರೂ ಇದ್ದರು. 1974ರ ಭೂಸುಧಾರಣೆಯಿಂದ ಗೇಣಿ ಭೂಮಿ ಸ್ವಂತವಾದವರಲ್ಲಿ ಮುಸ್ಲಿಮ್ ಒಕ್ಕಲುಗಳೂ ಸೇರಿದ್ದವು. ಆದ್ದರಿಂದ ಹೇಳುವವನ ಪಂಥ ಯಾವುದೆಂದು ನೋಡಿ ಕಿವಿ ಮುಚ್ಚಿಕೊಳ್ಳುವುದು ಸರಿಯಲ್ಲ. ಅವನ ಪಂಥ ನಮ್ಮ ಪರವಾಗಿದೆಯೆಂದು ಕಿವಿಯನ್ನು ಪೂರ್ತಿ ಒಪ್ಪಿಸಿಬಿಡುವುದೂ ಸರಿಯಲ್ಲ.

ಹಾಗಾದರೆ ಅಳತೆಗೋಲು ಯಾವುದು? ಬೆಳ್ತಂಗಡಿ ತಾಲೂಕಿನಿಂದಲೇ ಒಂದು ಉದಾಹರಣೆ ಕೊಡುತ್ತೇವೆ. ಕುತ್ಲೂರಿನ ಮಲೆಕುಡಿಯ ಸಮುದಾಯದ ಯುವಕನೊಬ್ಬ ಪತ್ರಿಕೋದ್ಯಮ ಓದುತ್ತಿದ್ದ. 2012ರ ಮಾರ್ಚ್‌ನಲ್ಲಿ ಅವನನ್ನೂ ಅವನ ತಂದೆಯನ್ನೂ ನಕ್ಸಲ್ ನಂಟಿನ ಆರೋಪದಲ್ಲಿ ಬಂಧಿಸಲಾಯಿತು. ಯುಎಪಿಎ ಹೇರಲಾಯಿತು. ವಶಪಡಿಸಿಕೊಂಡ ವಸ್ತುಗಳಲ್ಲಿ ಭಗತ್ ಸಿಂಗ್ ಕುರಿತ ಪುಸ್ತಕವೂ ಪತ್ರಿಕಾ ತುಣುಕುಗಳೂ ಇದ್ದವು. ಬಂಧನದ ದಿನ ಅದು ಎಲ್ಲ ಕಡೆಯೂ ದೊಡ್ಡ ಸುದ್ದಿ. 2021ರ ಅಕ್ಟೋಬರ್‌ನಲ್ಲಿ ಮಂಗಳೂರಿನ ನ್ಯಾಯಾಲಯವು ತಂದೆ-ಮಗ ಇಬ್ಬರನ್ನೂ ಖುಲಾಸೆಗೊಳಿಸಿತು. ಒಂಬತ್ತೂವರೆ ವರ್ಷ! ಈ ನಡುವಿನ ಒಂದೊಂದು ವಾಯಿದೆಯನ್ನೂ ನೆನಪಿಟ್ಟುಕೊಂಡವರು ಎಡ ಸಂಘಟನೆಗಳ ಕಾರ್ಯಕರ್ತರು, ವಕೀಲರು ಮತ್ತು ಕೆಲವು ಸಣ್ಣ ಪತ್ರಿಕೆಗಳು. ಬಂಧನದ ದಿನ ಕ್ಯಾಮೆರಾ ಹಿಡಿದವರು ಬಿಡುಗಡೆಯ ದಿನವೂ ಬಂದರೇ? ನಮ್ಮ ಸಮುದಾಯದ ಎಷ್ಟು ಯುವಕರ ಕತೆ ಇದೇ ಆಗಿದೆ ಎಂದು ನಿಮಗೆ ನಾವು ಹೇಳಬೇಕಾಗಿಲ್ಲ.

ಆರಂಭವನ್ನು ಹೇಳಿದವನು ಕೊನೆಯನ್ನೂ ಹೇಳುತ್ತಾನೆಯೇ? ತಾನು ಹೇಳಿದ್ದು ಬುಡಮೇಲಾದಾಗ ಅದನ್ನು ಅಷ್ಟೇ ಗಟ್ಟಿಯಾಗಿ ಹೇಳುತ್ತಾನೆಯೇ? ನಾವು ಕೇಳುವ ಮೊದಲ ಪ್ರಶ್ನೆ ಇದು.

ಈ ಪ್ರಶ್ನೆಯನ್ನು ಬಲಪಂಥೀಯರಿಗೆ ಮಾತ್ರ ಕೇಳಿದರೆ ನ್ಯಾಯವಾಗದು. 2025ರಲ್ಲಿ ಧರ್ಮಸ್ಥಳದ ವಿಷಯದಲ್ಲಿ ಏನಾಯಿತು? ಜುಲೈ ಮೊದಲ ವಾರದಲ್ಲಿ ಮಾಜಿ ಸ್ವಚ್ಛತಾ ಕಾರ್ಮಿಕನೊಬ್ಬ ತಾನು ಅನೇಕ ಶವಗಳನ್ನು ಹೂತಿದ್ದೇನೆಂದು ದೂರು ಕೊಟ್ಟ. ಜುಲೈ 8ರಂದು ಬೆಂಗಳೂರಿನ ಸಿವಿಲ್ ನ್ಯಾಯಾಲಯವು ಇನ್ನೊಂದು ಪಕ್ಷದ ವಾದ ಕೇಳುವ ಮುನ್ನವೇ 8,842 ಕೊಂಡಿಗಳನ್ನು ಅಳಿಸಲು ಆದೇಶಿಸಿತು. ಜುಲೈ 19ರಂದು ಸರಕಾರ ವಿಶೇಷ ತನಿಖಾ ತಂಡವನ್ನು ರಚಿಸಿತು. ಆಗಸ್ಟ್ 1ರಂದು ಸ್ಥಳೀಯ ಯೂಟ್ಯೂಬ್ ಚಾನೆಲ್ಲೊಂದರ ಅರ್ಜಿಯ ಮೇಲೆ ಹೈಕೋರ್ಟು ಆ ಚಾನೆಲ್‌ನ ಮಟ್ಟಿಗೆ ನಿರ್ಬಂಧವನ್ನು ತೆಗೆದುಹಾಕಿತು. ಆಗಸ್ಟ್ 6ರಂದು ವರದಿಗೆಂದು ಹೋದ ಯೂಟ್ಯೂಬರ್‌ಗಳ ಮೇಲೆ ಹಲ್ಲೆ ನಡೆಯಿತು. ಅಗೆತದಲ್ಲಿ ಕೆಲವು ಕಡೆ ಮಾನವ ಅಸ್ಥಿಗಳು ದೊರೆತವು. ಆಗಸ್ಟ್ 23ರಂದು ಸುಳ್ಳು ಸಾಕ್ಷ್ಯದ ಆರೋಪದಲ್ಲಿ ದೂರುದಾರನನ್ನೇ ಬಂಧಿಸಲಾಯಿತು. ನವೆಂಬರ್‌ನಲ್ಲಿ ತನಿಖಾ ತಂಡವು ಬೆಳ್ತಂಗಡಿ ನ್ಯಾಯಾಲಯಕ್ಕೆ ವರದಿ ಸಲ್ಲಿಸಿತು.

ಇದನ್ನು ಇಷ್ಟು ವಿವರವಾಗಿ ಹೇಳಲು ಕಾರಣವಿದೆ. ಜುಲೈಯಲ್ಲಿ ದಿನಕ್ಕೆ ಮೂರು ವಿಡಿಯೋ ಹಾಕಿ, ಸಂಖ್ಯೆಯನ್ನು ನೂರರಿಂದ ಸಾವಿರಕ್ಕೆ ಏರಿಸಿ, ಕೃತಕ ಬುದ್ಧಿಮತ್ತೆಯಿಂದ ಅಸ್ಥಿಪಂಜರದ ಚಿತ್ರಗಳನ್ನು ಬರೆಸಿದ ಕೆಲವು ಚಾನೆಲ್‌ಗಳು ಆಗಸ್ಟ್ 23ರ ನಂತರ ಸದ್ದಿಲ್ಲದೆ ಬೇರೆ ವಿಷಯಕ್ಕೆ ಹೊರಟುಹೋದವು. ಇನ್ನು ಕೆಲವರು, ದೂರುದಾರನ ಬಂಧನದೊಂದಿಗೆ ಎಲ್ಲವೂ ಸುಳ್ಳೆಂದು ಸಾಬೀತಾಯಿತು ಎಂದು ಪಟಾಕಿ ಸಿಡಿಸಿದರು. ಎರಡೂ ತಪ್ಪು. 2012ರ ಅಕ್ಟೋಬರ್‌ನಲ್ಲಿ ಅದೇ ಊರಿನ ವಿದ್ಯಾರ್ಥಿನಿಯ ಅತ್ಯಾಚಾರ ಮತ್ತು ಕೊಲೆ ನಡೆದದ್ದು ಸುಳ್ಳಲ್ಲ. 2023ರ ಜೂನ್‌ನಲ್ಲಿ ಆ ಪ್ರಕರಣದ ಏಕೈಕ ಆರೋಪಿ ಖುಲಾಸೆಯಾದದ್ದೂ ಸುಳ್ಳಲ್ಲ. ಹಾಗಾದರೆ ಕೊಂದವರು ಯಾರು ಎಂಬ ಆ ತಾಯಿಯ ಪ್ರಶ್ನೆ ದೂರುದಾರನೊಬ್ಬನ ಬಂಧನದಿಂದ ಮುಗಿದುಹೋಗುವುದಿಲ್ಲ. ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಬಲ್ಲ ಕಾರ್ಯಕ್ರಮ ಯಾವುದೋ ಅದನ್ನು ಕೇಳಬೇಕು. ನಮಗೆ ಇದರಲ್ಲಿ ಇನ್ನೊಂದು ಅಪಾಯವೂ ಇತ್ತು. ಆ ವರ್ಷದ ಆರಂಭದಲ್ಲಿ ಬಹಳ ಪ್ರಚಾರ ಪಡೆದ ವಿಡಿಯೋ ಮಾಡಿದ ಯುವಕನದು ಮುಸ್ಲಿಮ್ ಹೆಸರು. ಅದೊಂದೇ ಕಾರಣಕ್ಕೆ ಒಂದು ಹೆಣ್ಣುಮಗಳ ನ್ಯಾಯದ ಪ್ರಶ್ನೆಯನ್ನು ಹಿಂದೂ-ಮುಸ್ಲಿಮ್ ಪ್ರಶ್ನೆಯನ್ನಾಗಿ ತಿರುಗಿಸಲು ಪ್ರಯತ್ನಗಳು ನಡೆದವು. ನಮ್ಮ ಮಕ್ಕಳು ಪರಿಶೀಲಿಸದ ವಿಡಿಯೋವನ್ನು ಹತ್ತು ಗುಂಪುಗಳಿಗೆ ದಾಟಿಸುವಾಗ ಯಾರ ಕೈಗೆ ಕೋಲು ಕೊಡುತ್ತಿದ್ದಾರೆಂದು ಯೋಚಿಸಬೇಡವೇ?

ಇನ್ನು ಹೆಸರುಗಳಿಗೆ ಬರೋಣ.

ಕನ್ನಡದಲ್ಲಿ ಮೊದಲು ಹೇಳಬೇಕಾದುದು ಶಿವಸುಂದರ್ ಅವರ ವಿಶ್ಲೇಷಣೆಗಳನ್ನು. ಬಜೆಟ್ ಇರಲಿ, ಪೌರತ್ವ ಕಾಯ್ದೆ ಇರಲಿ, ಸುಪ್ರೀಮ್ ಕೋರ್ಟಿನ ತೀರ್ಪಿರಲಿ, ಅವರು ಕಾಯ್ದೆಯ ಕಲಮನ್ನು, ಸರಕಾರದ ಕಡತವನ್ನು ಮುಂದಿಟ್ಟು ಮಾತನಾಡುತ್ತಾರೆ. ಕಾಂಗ್ರೆಸ್ ಸರಕಾರವನ್ನೂ ಬಿಡುವುದಿಲ್ಲ. ನಮ್ಮವರಲ್ಲಿ ಕೆಲವರಿಗೆ ಅದು ಹಿಡಿಸದು, ನಮಗಂತೂ ಅದೇ ಮುಖ್ಯ ಗುಣ. ದೋಷವೆಂದರೆ ಅವರ ವಾಕ್ಯಗಳು ಉದ್ದ, ಪದಗಳು ಭಾರ. ಅಡುಗೆ ಮನೆಯಲ್ಲಿ ಕುಕ್ಕರಿನ ಸದ್ದಿನ ನಡುವೆ ಕೇಳುವಂಥದ್ದಲ್ಲ. ಕೂತು ಕೇಳಬೇಕು.

ವಾರ್ತಾಭಾರತಿ 2003ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ದಿನಪತ್ರಿಕೆ. ಅದರ ವಿಡಿಯೋ ಚಾನೆಲ್ ನಿಮ್ಮೆಲ್ಲರ ಮನೆಯಲ್ಲಿದೆ, ಪರಿಚಯ ಬೇಡ. ಅದರ ಸ್ಥಳೀಯ ವರದಿ ಮತ್ತು ದೀರ್ಘ ಸಂದರ್ಶನಗಳು ಉಪಯುಕ್ತ. ಗೌರಿ ಲಂಕೇಶರು 2017ರ ಸೆಪ್ಟೆಂಬರ್ 5ರಂದು ಹತ್ಯೆಯಾದ ನಂತರ ಅವರ ಗೆಳೆಯರು ಕಟ್ಟಿದ 'ನಾನು ಗೌರಿ'ಯಲ್ಲಿ ರೈತ ಮತ್ತು ದಲಿತ ಹೋರಾಟಗಳ ಮಾತು ಹೆಚ್ಚು ಸಿಗುತ್ತದೆ. 2022ರಲ್ಲಿ ಬಂದ 'ಈದಿನ' ಬೇರೆಯವರು ಮಾಡದ ಒಂದು ಕೆಲಸ ಮಾಡಿತು. 2023ರ ವಿಧಾನಸಭಾ ಚುನಾವಣೆಗೆ ಮುನ್ನ ಕಾರ್ಯಕರ್ತರನ್ನು ಹಳ್ಳಿ ಹಳ್ಳಿಗೆ ಕಳುಹಿಸಿ 40 ಸಾವಿರಕ್ಕೂ ಹೆಚ್ಚು ಜನರನ್ನು ಮಾತನಾಡಿಸಿತು. ಕಾಂಗ್ರೆಸಿಗೆ 132ರಿಂದ 140 ಸ್ಥಾನ ಎಂದಿತು, ಬಂದದ್ದು 135. ಜನರ ಬಳಿಗೆ ಹೋಗಿ ಕೇಳಿದ ಬಳಿಕ ಮಾತನಾಡಿದರೆ ಮಾತಿಗೆ ಎಷ್ಟು ತೂಕ ಬರುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಸ್ಟುಡಿಯೋದಲ್ಲಿ ನಾಲ್ವರು ಸಮಾನ ಮನಸ್ಕರನ್ನು ಕೂರಿಸಿ ಒಬ್ಬರ ಮಾತಿಗೆ ಇನ್ನೊಬ್ಬರು ತಲೆದೂಗುವ ಚರ್ಚೆಗಳಿಗೆ ಆ ತೂಕವಿರುವುದಿಲ್ಲ. ಇಂಥವು ಈ ಎಲ್ಲ ಕಡೆಯೂ ಇವೆ.

ನಮ್ಮ ಜಿಲ್ಲೆಯವರಿಗೆ ತಾಳಮದ್ದಳೆ ಗೊತ್ತು. ವೇಷವಿಲ್ಲ, ಕುಣಿತವಿಲ್ಲ, ಬರೀ ಮಾತು. ಕೃಷ್ಣನ ಮಾತನ್ನು ಕೇಳಿದ ಜನ ಕರ್ಣನ ಮಾತಿಗಾಗಿಯೂ ಬೆಳಗಿನ ಜಾವದವರೆಗೆ ಕಾಯುತ್ತಾರೆ. ಎದುರು ಪಾತ್ರವೇ ಇಲ್ಲದ ತಾಳಮದ್ದಳೆಗೆ ಯಾರು ಹೋಗುತ್ತಾರೆ? ಎಡ ಒಲವಿನ ಅನೇಕ ಕಾರ್ಯಕ್ರಮಗಳ ಕೊರತೆ ಇದೇ. 2018ರಲ್ಲಿ ಶುರುವಾದ 'ತಲೆ-ಹರಟೆ' ಎಂಬ ಕನ್ನಡ ಪಾಡ್‌ಕಾಸ್ಟ್ ಎಡಪಂಥೀಯವಲ್ಲ, ಅದರ ಆರ್ಥಿಕ ಚಿಂತನೆ ನಮಗೆ ಪೂರ್ತಿ ಒಪ್ಪಿಗೆಯೂ ಅಲ್ಲ. ಆದರೂ ಕನ್ನಡದಲ್ಲಿ ಸಮಾಧಾನದಿಂದ ಮಾತನಾಡುವುದು ಹೇಗೆಂದು ತಿಳಿಯಲು ಅದನ್ನು ಕೇಳಬಹುದು.

ಹಿಂದಿಯಲ್ಲಿ ರವೀಶ್ ಕುಮಾರ್ ಅವರನ್ನು ಕೇಳದ ಮನೆ ವಿರಳ. ಅದಾನಿ ಸಮೂಹ ಎನ್‌ಡಿಟಿವಿಯನ್ನು ಕೈವಶ ಮಾಡಿಕೊಳ್ಳುತ್ತಿದ್ದಾಗ, 2022ರ ನವೆಂಬರ್ 30ರಂದು ರಾಜೀನಾಮೆ ಕೊಟ್ಟು ಹೊರಬಂದ ಅವರ ಧೈರ್ಯಕ್ಕೆ ಗೌರವವಿದೆ. ಆದರೆ ಪ್ರತಿ ರಾತ್ರಿ ಅವರ ದುಃಖದ ಧ್ವನಿಯನ್ನೇ ಕೇಳಿ ಮಲಗುವವರು ಬೆಳಿಗ್ಗೆ ಮತದಾರರ ಪಟ್ಟಿಯಲ್ಲಿ ತಮ್ಮ ಹೆಸರಿದೆಯೇ ಎಂದು ನೋಡಲು ಹೋಗುತ್ತಾರೆಯೇ? ವಾರಕ್ಕೆ ಎರಡು ಸಾಕು.

ಇಂಗ್ಲಿಷ್ ಬಲ್ಲ ಮಕ್ಕಳಿಗೆ ನ್ಯೂಸ್‌ಲಾಂಡ್ರಿಯ ವಾರದ ಮಾತುಕತೆ 'ಹಫ್ತಾ'ವನ್ನು ನಾವು ಶಿಫಾರಸು ಮಾಡುತ್ತೇವೆ. ಜಾಹೀರಾತಿಲ್ಲದೆ ಚಂದಾದಾರರ ಹಣದಿಂದ ನಡೆಯುವ ಸಂಸ್ಥೆ ಅದು. ತಮ್ಮನ್ನು ಬೈದು ಬರೆದ ಪತ್ರಗಳನ್ನೂ ಅವರು ಓದುತ್ತಾರೆ, ಪರಸ್ಪರ ಜಗಳವಾಡುತ್ತಾರೆ. ಪೂರ್ತಿ ಎಡ ಎನ್ನಲೂ ಆಗದು. 2015ರಲ್ಲಿ ಆರಂಭವಾದ 'ದಿ ವೈರ್' 2022ರ ಅಕ್ಟೋಬರ್‌ನಲ್ಲಿ ಫೇಸ್‌ಬುಕ್ಕಿನ ಒಡೆತನ ಹೊಂದಿರುವ ಮೆಟಾ ಕಂಪೆನಿಯ ಬಗ್ಗೆ ಬರೆದ ವರದಿಗಳನ್ನು ಹಿಂದೆಗೆದುಕೊಂಡಿತು, ಓದುಗರ ಕ್ಷಮೆಯನ್ನೂ ಕೇಳಿತು. ವಿರೋಧಿಗಳು ನಕ್ಕರು. ಆದರೆ ತಬ್ಲೀಗ್ ಸುದ್ದಿ ಮಾಡಿದ ಯಾವ ಚಾನೆಲ್ ತನ್ನ ವರದಿಯನ್ನು ಹೀಗೆ ಹಿಂದೆಗೆದುಕೊಂಡಿದೆ? ನ್ಯೂಸ್‌ಕ್ಲಿಕ್‌ನ ಸ್ಥಾಪಕ ಪ್ರಬೀರ್ ಪುರಕಾಯಸ್ಥರನ್ನು 2023ರ ಅಕ್ಟೋಬರ್ 3ರಂದು ಯುಎಪಿಎ ಅಡಿ ಬಂಧಿಸಲಾಯಿತು. 2024ರ ಮೇ 15ರಂದು ಸುಪ್ರೀಮ್ ಕೋರ್ಟು ಆ ಬಂಧನವೇ ಕಾನೂನುಬಾಹಿರ ಎಂದಿತು. ಬಂಧನದ ಕಾರಣಗಳನ್ನು ಬರಹದಲ್ಲಿ ಕೊಡಬೇಕೆಂಬ ನಿಯಮವನ್ನು ಆ ತೀರ್ಪು ಗಟ್ಟಿಗೊಳಿಸಿತು. ಇದು ನಮ್ಮ ಪ್ರತಿಯೊಬ್ಬ ಯುವಕನಿಗೂ ಗೊತ್ತಿರಬೇಕಾದ ವಿಷಯ.

ವಿದೇಶದ್ದರಲ್ಲಿ 1996ರಿಂದ ನಡೆದುಬಂದಿರುವ ನ್ಯೂಯಾರ್ಕಿನ 'ಡೆಮಾಕ್ರಸಿ ನೌ' ಸಾಕು. ಆಮಿ ಗುಡ್‌ಮ್ಯಾನ್ ಅವರ ತಂಡ ಕಂಪೆನಿಗಳ ಜಾಹೀರಾತು ಪಡೆಯುವುದಿಲ್ಲ. ಫೆಲೆಸ್ತೀನಿನ ಸುದ್ದಿಯನ್ನು ಫೆಲೆಸ್ತೀನಿಯರ ಬಾಯಿಯಿಂದಲೇ ಹೇಳಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಆಡಿದ ಮಾತನ್ನು ಬರಹದಲ್ಲೂ ಕೊಡುತ್ತದೆ. ಮೂಡುಬಿದಿರೆಯವರಿಗೆ ಇದರ ಬೆಲೆ ಗೊತ್ತು. ಧವಲಾ ಗ್ರಂಥಗಳು ತಾಳೆಗರಿಯಲ್ಲಿ ಉಳಿದದ್ದರಿಂದಲೇ ಶತಮಾನಗಳ ನಂತರವೂ ವಿದ್ವಾಂಸರು ಅವನ್ನು ಓದಲು ಸಾಧ್ಯವಾಯಿತು. ಬಾಯಿಯ ಮಾತನ್ನು ಯಾರೂ ತಾಳೆ ನೋಡಲಾರರು. ಡೇನಿಯಲ್ ಡೆನ್ವಿರ್ ಅವರ 'ದಿ ಡಿಗ್' ಗಂಭೀರ ವಿದ್ಯಾರ್ಥಿಗಳಿಗೆ. ಅರಬ್ ಜಗತ್ತಿನ ಹೋರಾಟಗಳ ಇತಿಹಾಸದ ಮೇಲೆ ಅದರಲ್ಲಿ ಒಂದು ದೀರ್ಘ ಸರಣಿಯೇ ಇದೆ. 'ಚಾಪೋ ಟ್ರ್ಯಾಪ್ ಹೌಸ್' ಎಂಬುದು ಅಮೆರಿಕದ ಯುವ ಎಡಪಂಥೀಯರಲ್ಲಿ ಜನಪ್ರಿಯ. ಬೈಗುಳ ಜಾಸ್ತಿ, ನಮ್ಮ ಮನೆಗಳಿಗೆ ಹೊಂದದು.

ಇಷ್ಟೆಲ್ಲ ಹೇಳಿದ ಬಳಿಕವೂ ನಮಗೊಂದು ಅಸಮಾಧಾನ ಉಳಿದಿದೆ. ಈ ಕಾರ್ಯಕ್ರಮಗಳಲ್ಲಿ ಮುಸ್ಲಿಮ್ ಎಂಬವನು ಯಾವಾಗ ಬರುತ್ತಾನೆ? ಹಲ್ಲೆಗೊಳಗಾದಾಗ, ಕೊಲೆಯಾದಾಗ. 2025ರ ಮೇ 27ರಂದು ನಮ್ಮ ಬಂಟ್ವಾಳ ತಾಲೂಕಿನಲ್ಲಿ ಪಿಕಪ್ ವಾಹನದ ಚಾಲಕನೊಬ್ಬನನ್ನು ಕಡಿದು ಕೊಂದಾಗ ಎಲ್ಲರೂ ಬಂದರು, ಬರಲೇಬೇಕಿತ್ತು. ಅದೇ ತಿಂಗಳ 1ರಂದು ಬಜ್ಪೆಯಲ್ಲಿ ಹಿಂದುತ್ವ ಸಂಘಟನೆಯ ಯುವಕನೊಬ್ಬನ ಕೊಲೆಯಾಗಿತ್ತು. ಆ ದಿನಗಳಲ್ಲಿ ವಾಟ್ಸಪ್ಪಿನಲ್ಲಿ ಹೆಸರಿಲ್ಲದವರ ಧ್ವನಿ ಸಂದೇಶಗಳು ಮನೆಯಿಂದ ಮನೆಗೆ ಹರಿದವು. ಅವೂ ಒಂದು ಬಗೆಯ ಪಾಡ್‌ಕಾಸ್ಟ್‌ಗಳೇ. ಹೇಳಿದವನು ಯಾರೆಂದು ಗೊತ್ತಿಲ್ಲದ, ನಾಳೆ ಕೇಳಲು ಸಿಗದ, ಕೊನೆಯನ್ನು ಎಂದೂ ಹೇಳದ ಪಾಡ್‌ಕಾಸ್ಟ್‌ಗಳು. ಆದರೆ ಕೊಲೆಯಾದ ಮನೆಯ ಹೆಂಗಸರು ಮರುದಿನ ಏನು ಮಾಡಿ ಬದುಕುತ್ತಾರೆ ಎಂಬ ವಿಷಯಕ್ಕೆ ಬಂದವರೆಷ್ಟು?

2025ರ ನವೆಂಬರ್ 21ರಂದು ಕೇಂದ್ರ ಸರಕಾರ ನಾಲ್ಕು ಕಾರ್ಮಿಕ ಸಂಹಿತೆಗಳನ್ನು ಜಾರಿಗೆ ತಂದಿತು. 1966ರ ಆ ಬೀಡಿ ಕಾಯ್ದೆ, ಯಾವುದಕ್ಕಾಗಿ ಕಣ್ಣೂರಿನಲ್ಲಿ 12 ಸಾವಿರ ಮಂದಿ ಕೆಲಸ ಕಳೆದುಕೊಂಡರೋ ಅದೇ ಕಾಯ್ದೆ, ಆ ಸಂಹಿತೆಗಳಲ್ಲೊಂದರಲ್ಲಿ ಲೀನವಾಯಿತು. ಬೀಡಿ ಕಾರ್ಮಿಕರ ಕಲ್ಯಾಣಕ್ಕೆಂದು ಇದ್ದ ಸೆಸ್ 2017ರಲ್ಲಿ ಜಿಎಸ್‌ಟಿ ಬಂದಾಗಲೇ ಹೋಗಿತ್ತು. ನಾವು ಕೇಳಿದ ಕನ್ನಡ ಕಾರ್ಯಕ್ರಮಗಳಲ್ಲಿ ಇದಕ್ಕೆ ಒಂದು ಪೂರ್ಣ ಗಂಟೆ ಕೊಟ್ಟದ್ದನ್ನು ನಾವು ಕಾಣಲಿಲ್ಲ. ಬೆಳ್ತಂಗಡಿಯಲ್ಲಿ ದಲಿತರಿಗೆಂದು ಮೀಸಲಿಟ್ಟ ಡಿ.ಸಿ. ಮನ್ನಾ ಭೂಮಿ ಏನಾಯಿತು ಎಂಬುದಕ್ಕೂ ಹಾಗೆಯೇ. ನಿಜವಾಗಿ, ಬ್ಯಾರಿ ಹೆಂಗಸೂ ಬಿಲ್ಲವ ಹೆಂಗಸೂ ಒಂದೇ ಬ್ರಾಂಚಿನ ಮುಂದೆ ಬೀಡಿ ಕಟ್ಟುಗಳನ್ನು ಹಿಡಿದು ನಿಲ್ಲುತ್ತಾರೆ, ಒಂದೇ ಮಜೂರಿ ಪಡೆಯುತ್ತಾರೆ, ಒಬ್ಬರ ಬೀಡಿ 'ಸರಿಯಿಲ್ಲ' ಎಂದು ತೆಗೆದಿಟ್ಟಾಗ ಇನ್ನೊಬ್ಬರು ಮುಖ ನೋಡುತ್ತಾರೆ. ಕಾರ್ಮಿಕರ ಹೆಸರಿನಲ್ಲಿ ಹುಟ್ಟಿದ ಎಡ ರಾಜಕಾರಣದ ಮಾತು ಆ ಸಾಲಿನಿಂದ ಶುರುವಾಗಬೇಡವೇ?

ಮೂಡುಬಿದಿರೆಯ ಕಾಲೇಜುಗಳಲ್ಲಿ ಓದುವ ನಮ್ಮ ಹುಡುಗ-ಹುಡುಗಿಯರು ಇಲ್ಲಿ ಸಾಕಷ್ಟು ಮಂದಿ ಇದ್ದೀರಿ. ಧ್ವನಿಮುದ್ರಣಕ್ಕೆ ದೊಡ್ಡ ಸ್ಟುಡಿಯೋ ಬೇಡ. ಒಂದು ಮೊಬೈಲ್, ಫ್ಯಾನಿನ ಸದ್ದಿಲ್ಲದ ಒಂದು ಕೋಣೆ ಸಾಕು. ಬ್ಯಾರಿ, ತುಳು, ಕನ್ನಡ ಮೂರರಲ್ಲೂ ಮಾತನಾಡಬಲ್ಲವರು ಬೇಕು. ಮೊದಲ ಕಂತಿಗೆ ಬೀಡಿ ವಿಷಯವನ್ನೇ ತೆಗೆದುಕೊಳ್ಳಿ. ನಲವತ್ತು ವರ್ಷ ಬೀಡಿ ಕಟ್ಟಿದ ಇಬ್ಬರು ಹೆಂಗಸರು, ಅವರಲ್ಲಿ ಒಬ್ಬರು ನಮ್ಮವರಲ್ಲದವರು, ಕಾರ್ಮಿಕ ಸಂಘದವರೊಬ್ಬರು, ಬ್ರಾಂಚ್ ನಡೆಸುವ ಗುತ್ತಿಗೆದಾರರೊಬ್ಬರು, ಅವರ ಮಾತೂ ಬೇಕು, ಭವಿಷ್ಯನಿಧಿಯ ಲೆಕ್ಕ ಬಲ್ಲವರೊಬ್ಬರು. ಹೊಸ ಸಂಹಿತೆಯಿಂದ ಮನೆಯಲ್ಲಿ ಕೂತು ಕಟ್ಟುವವಳಿಗೆ ಏನು ಸಿಗುತ್ತದೆ, ಏನು ಹೋಗುತ್ತದೆ ಎಂದು ಕೇಳಿ. ಆರು ತಿಂಗಳ ಬಳಿಕ ಅದೇ ಹೆಂಗಸರ ಬಳಿಗೆ ಮತ್ತೆ ಹೋಗಿ ಕೇಳಿ. ಆಸಕ್ತರು ಸಭೆ ಮುಗಿದ ಮೇಲೆ ವೇದಿಕೆಯ ಬಳಿ ಹೆಸರು ಬರೆಸಬಹುದು. ಧ್ವನಿಮುದ್ರಣವನ್ನು ಮಾತ್ರ ಬ್ರಾಂಚಿನಲ್ಲಿ ಮಜೂರಿ ಕೊಡುವ ದಿನ ಇಟ್ಟುಕೊಳ್ಳಬೇಡಿ. ಅಂದು ಅವರಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ.